ಹೆಸರಿನ ಜಾಗದಲ್ಲಿ ಕೆನೆದ ಕುದುರೆ

ಸಭೆಯ ಅಧ್ಯಕ್ಷರೇ, ರಾಜಧಾನಿಯಿಂದ ಬೆಟ್ಟ ಹತ್ತಿ ಬಂದ ಸಿನಿಮಾದವರೇ, ನನ್ನೂರಿನ ಹಿರಿಯರೇ, ಇನ್ನೂ ಕಣ್ಣೊರೆಸಿಕೊಳ್ಳುತ್ತಿರುವ ಸಭಿಕರೇ,

ಈಗತಾನೇ ಎಲ್ಲರೂ ಕೂಡಿ ಸಿನಿಮಾ ನೋಡಿದೆವು. ನನಗೆ ಗೌರವದ ನಿಲುವಂಗಿ, ಚಾಪಾನ್ ಹೊದಿಸಿದಿರಿ. "ಬುರುಲ್ಕನ್ ಅಕ್ಕಾ, ನಮ್ಮ ನರಿನ್ ಬೆಟ್ಟದಲ್ಲಿ ಈ ಸಿನಿಮಾ ಹೇಗೆ ತಯಾರಾಯ್ತು ಅಂತ ಎರಡು ಮಾತು ಹೇಳಿ" ಎಂದಿರಿ. ಹೇಳುತ್ತೇನೆ. ಎರಡಕ್ಕೇ ನಿಲ್ಲಿಸುವುದಿಲ್ಲ.

ಸಿನಿಮಾ ಮೊದಲು ಹುಟ್ಟುವುದು ನಿರ್ದೇಶಕರ ತಲೆಯಲ್ಲಂತೆ. ಶುದ್ಧ ಸುಳ್ಳು! ಇದು ಹುಟ್ಟಿದ್ದು ನನ್ನ ಅಣ್ಣನ ಗುಡಾರದಲ್ಲಿ, ಅವನ ಕುದುರೆಹಾಲಿನ ಹುಳಿ ಕುಮಿಸ್ ಕುಡಿಯುತ್ತಾ. ನಿರ್ದೇಶಕ ಮೆದೆತ್ ಬಟ್ಟಲ ಮೇಲೆ ಬಟ್ಟಲು ಖಾಲಿ ಮಾಡಿದ, ಅಣ್ಣ ತನ್ನ ಕುದುರೆಗಳ ಕತೆ ಹೇಳುತ್ತಾ ಹೋದ. ಕತೆ ಕಾಗದಕ್ಕಿಳಿಯಿತು. ಬೇಸಿಗೆಗೆ ಕ್ಯಾಮೆರಾ ಬಂತು, ದೀಪ ಬಂತು, ಗಾಳಿ ಬೀಸುವ ಯಂತ್ರವೂ ಬಂತು. ನರಿನ್‌ನಲ್ಲಿ ಗಾಳಿಗೆ ಬರವೇ, ಸ್ವಾಮಿ?

ಸತ್ತವರ ಹೆಸರು ಹಿಡಿದು ಹಾಡಿ ಅಳುವುದು ಅಜ್ಜಿ ನನಗೆ ಕಲಿಸಿದ ವಿದ್ಯೆ. ಕತೆಯ ನಾಯಕ ಸಾಯುತ್ತಾನೆ, ಅವನಿಗಾಗಿ ಅಳಿ ಎಂದು ಮೆದೆತ್ ದುಂಬಾಲುಬಿದ್ದ.

"ಉಸಿರಾಡೋನಿಗೆ ಅಳೋದಾ? ಅಪಶಕುನ ಕಣಪ್ಪಾ. ನೋಡಲ್ಲಿ, ನಿಮ್ಮ ಹೆಣ ಎದ್ದು ಸಿಗರೇಟ್ ಹಚ್ಚಿದೆ!" ಎಂದೆ.

ಅಣ್ಣ ಬಿದ್ದುಬಿದ್ದು ನಕ್ಕ. "ನಾನು ಸತ್ರೆ ನನಗಾದ್ರೂ ಅಳ್ತೀಯೋ, ಇಲ್ಲ ಶಕುನ ನೋಡ್ತಾ ಕೂರ್ತೀಯೋ?" ಎಂದ. ಬಾಯಿ ಮುಚ್ಚು ಎಂದು ಗದರಿದೆ.

ಶರತ್ಕಾಲದಲ್ಲಿ ಕುದುರೆಗಳನ್ನು ಬೆಟ್ಟದಿಂದ ಇಳಿಸುವಾಗ ಅಣ್ಣನ ಎದೆಬಡಿತ ನಿಂತುಹೋಯಿತು.

ಸಾವಿನ ಮನೆಯಲ್ಲಿ ನಾವು ಹೆಂಗಸರು ಗುಡಾರದ ಗೋಡೆಗೆ ಮುಖ, ಬಾಗಿಲಿಗೆ ಬೆನ್ನು ಮಾಡಿ ಅಳುವವರು. ಸಿನಿಮಾದವರು ಸಾವಿನ ಮನೆಯ ಪದ್ಧತಿಯಂತೆ ಕುರಿ ತಂದು ಹೊರಗೆ ತಲೆ ತಗ್ಗಿಸಿ ನಿಂತರು ಎಂದು ಯಾರೋ ಹೇಳಿದರು. ಒಳ್ಳೆಯ ಮಕ್ಕಳು ಎಂದುಕೊಂಡೆ. ಬಾಗಿಲಲ್ಲಿ ಒಬ್ಬ ಮೈಕ್ ಹಿಡಿದು ನಿಂತಿದ್ದು ನನಗೆ ಕಾಣುವುದಾದರೂ ಹೇಗೆ? ಬೆನ್ನಿಗೆ ಕಣ್ಣಿದೆಯೇ?

ಇವತ್ತು ಕಂಡೆ. ಪರದೆಯ ಮೇಲೆ ಆ ಸಿಗರೇಟಿನ ಹೆಣ ಮಲಗಿದೆ. ಪಕ್ಕದಲ್ಲಿ ಅದರ ಹೆಂಡತಿ ತುಟಿ ಆಡಿಸುತ್ತಿದ್ದಾಳೆ, ದನಿ ನನ್ನದು! "ಅಮ್ಮ ಸತ್ತ ಮೇಲೆ ನನ್ನ ಜಡೆ ಹೆಣೆದವನೇ" ಎನ್ನುತ್ತಾಳೆ. ಯಾವ ಹೆಂಡತಿ ಗಂಡನಿಗೆ ಹೀಗೆ ಅಳುತ್ತಾಳೆ? ನನ್ನ ಜಡೆ ಹೆಣೆದವನು ನನ್ನ ಅಣ್ಣ. ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಹಾಗೇ ಶಾಲೆಗೆ ಹೋಗುತ್ತಿದ್ದೆ. ಇರಲಿ, ಅದು ನಿಮಗೆ ಬೇಡದ ಮಾತು.

ನಾನು ಅವನ ಹೆಸರು ಕೂಗಿದಲ್ಲೆಲ್ಲ ಏನಿದೆ? ಕುದುರೆ ಕೆನೆಯುತ್ತದೆ! ಇದಕ್ಕೆ ಎಡಿಟಿಂಗ್ ಎನ್ನುತ್ತಾರಂತೆ.

ಸಿನಿಮಾ ಮುಗಿದ ಕೂಡಲೇ ಮೆದೆತ್‌ನನ್ನು ಇಲ್ಲಿಯ ಬಾಗಿಲಲ್ಲಿ ತಡೆದು ಕೇಳಿದೆ. "ಅಕ್ಕಾ, ಹೆಸರೊಂದು ಬಿಟ್ರೆ ಬಾಕಿಯೆಲ್ಲ ಹಾಗೇ ಇದೆಯಲ್ಲ. ಊರಿಗೆ ಊರೇ ಅತ್ತಿತು, ನೋಡಲಿಲ್ವಾ?" ಎಂದ.

ಅತ್ತಿರಿ, ಹೌದು. ಯಾರಿಗೆ ಅತ್ತಿರಿ? ನಿಮ್ಮ ಪಕ್ಕದ ಮನೆಯವನಿಗೇ ಅತ್ತು, ಅವನಿಗೆ ಎಂದು ಗೊತ್ತಾಗದೆ ಎದ್ದು ಹೊರಡುವವರಿದ್ದಿರಿ!

ಶುಕ್ರವಾರ ಇದು ರಾಜಧಾನಿಯಲ್ಲಿ ಬಿಡುಗಡೆ. ಅಷ್ಟರೊಳಗೆ ನನ್ನ ಅಳುವನ್ನು ತೆಗೆಯಿರಿ, ಇಲ್ಲವೇ ಕುದುರೆಯನ್ನು ತೆಗೆದು ಹೆಸರು ಹಾಕಿ. ಹೆಸರು ಸಿಗಲಿಲ್ಲ ಎನ್ನಬೇಡಿ. ಇದೋ ಮೈಕ್, ಇದೋ ನನ್ನ ದನಿ. ಈ ಸಲ ಬೆನ್ನು ಹಾಕಿಲ್ಲ, ನಿಮ್ಮ ಕಡೆ ಮುಖ ಮಾಡಿಯೇ ಕೂಗುತ್ತೇನೆ: ಅಸಿಲ್ಬೆಕ್! ನನ್ನಣ್ಣಾ, ಅಸಿಲ್ಬೆಕ್!

ಈಗ ಎಲ್ಲರೂ ಪ್ರಾರ್ಥನೆಗೆ ಅಂಗೈ ಎತ್ತಿ ಮುಖಕ್ಕೆ ಸವರಿಕೊಳ್ಳಿ. ಅವನಿಗಾಗಿ. ಮೆದೆತ್, ನೀನೂ ಕೈ ಎತ್ತಪ್ಪಾ. ಅವನ ಕುಮಿಸ್ ಕುಡಿದವನು ನೀನು.

ಕೈ ಎತ್ತಿದವರಿಗೆಲ್ಲ ನನ್ನ ಧನ್ಯವಾದ. ನಮಸ್ಕಾರ.