ಸಂಕದ ಪ್ರಶ್ನೆ

ತೀರಿಹೋದ ಮನೆಯವಳ ವರ್ಷಾಂತಿಕಕ್ಕೆ ಬಾಳೆಎಲೆ ಕೊಂಡು ಪುತ್ತೂರಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಬೆಂಗಳೂರಿನ ಹೊಸ ವಿಧಾನಸೌಧದಲ್ಲಿ ಸಭೆ ನೋಡಲು ಹೋಗಿ ಬಂದ ಮಹಾಬಲರನ್ನು ಅವರ ನೆರೆಯ ದೂಮಣ್ಣ ಪಕ್ಕದ ಬೆಂಚಿನಲ್ಲಿ ವಿಚಾರಿಸುತ್ತಿದ್ದರು.

“ನಮ್ಮ ಹೊಳೆ ದಾಟುವ ಸಂಕದ್ದು ಎಂತಾಯಿತು?”

“ಸಂಕದ ಬಗ್ಗೆ ಹಾಕಿದ್ದ ಪ್ರಶ್ನೆಯನ್ನು ಸ್ಪೀಕರು ಕರೆದರಂತೆ. ಆಗ ಅದನ್ನು ಕೇಳಬೇಕಾದ ನಮ್ಮ ಎಮ್ಮೆಲ್ಲೆ ಒಳಗೆ ಇರಲಿಲ್ಲ. ಕೇಳುವವರಿಲ್ಲ ಅಂತ ಮುಂದಿನ ಪ್ರಶ್ನೆಗೆ ಹೋದರು.”

“ಇದಕ್ಕೇ ನಾವು ವೋಟು ಕೊಟ್ಟದ್ದಾ? ಎಲ್ಲಿ ಹೋಗಿದ್ದರು ಪುಣ್ಯಾತ್ಮ?”

“ಗೇಟಿಗೆ.”

“ಗೇಟಿನಲ್ಲಿ ಎಂತ ಕೆಲಸ?”

“ಹಲಸಿನಹಣ್ಣು ಒಳಗೆ ಬಿಡುದಿಲ್ಲ ಅಂದ ಪೊಲೀಸಿನವ. ಊರಿನಿಂದ ತಂದದ್ದು, ಅವರ ಕೈಗೇ ಕೊಡಬೇಕು ಅಂತ ನಾನು ಹೇಳಿ ಕಳುಹಿಸಿದೆ. ಪಾಪ, ಓಡಿ ಬಂದರು.”

“ಒಂದು ಹಣ್ಣಿಗಾ ಮಾರಾಯ್ರೆ!”

“ಬರಿಗೈಯಲ್ಲಿ ಹೋಗುದು ಹೇಗೆ?”

“ಸಂಕ ಆದರೆ ಮಳೆಗಾಲದಲ್ಲೂ ಹೈಸ್ಕೂಲಿಗೆ ಹೋಗಬಹುದು ಅಂತ ನನ್ನ ಮಗಳು ಅಮ್ಮು ಕಾಯ್ತಾ ಇದ್ದಾಳೆ. ಅವಳಿಗೆ ನಾನು ಹೇಳುದಿಲ್ಲ. ನೀವೇ ಬಂದು ಹೇಳಿ.”

ಬಸ್ಸು ಬಂತು. ದೂಮಣ್ಣ ಹತ್ತಿ, ಪಕ್ಕದ ಸೀಟಿಗೆ ಹೆಗಲಿನ ಬೈರಾಸು ಹಾಕಿ ಕರೆದರು. ಮಹಾಬಲರು ಕೆಳಗೇ ನಿಂತು, “ನೀವು ಹೋಗಿ, ನನಗೆ ಪೇಟೆಯಲ್ಲಿ ಸ್ವಲ್ಪ ಕೆಲಸ ಉಂಟು” ಎಂದರು.