ಮಾನಿಟರ್ ಬಿದ್ದಿಲ್ಲ ಕಣೆ, ಶಾಂಭವಿ

ಅಯ್ಯೋ, ಎತ್ಬೇಡ ಕಣೆ ಶಾಂಭವಿ! ಬಿದ್ದಿಲ್ಲ ಅದು. ನಾನೇ ಮಾನಿಟರ್ನ ಮಗ್ಗಲಾಗಿ ನಿಲ್ಸಿ ಎರಡೂ ಕಡೆ ಇಟ್ಟಿಗೆ ಕೊಟ್ಟಿರೋದು. ನೀನು ನಿಮ್ಮಪ್ಪನ ಮನೆಗೆ ಹೋಗಿದ್ದಾಗ ನಮ್ ಕಂಪ್ಯೂಟರಲ್ಲಿದ್ದ ಸಿಸ್ಟಮ್ ತೆಗ್ದು ಫೋನಲ್ಲಿರೋ ಸಿಸ್ಟಮ್ಮೇ ಹಾಕ್ಬುಟ್ಟೆ! ಆ್ಯಪ್‌ಗಳೆಲ್ಲಾ ಫೋನಲ್ಲಿದ್ದಂಗೇ ಉದ್ದುದ್ದಕ್ಕೇ ತೆರ್ಕೊಳ್ತವೆ, ಅದ್ಕೇ ಮಾನಿಟರ್ರೂ ಉದ್ದ... ಯಾಕೆ ನಗ್ತೀಯಾ?

ನಗು, ನಗು. ಈ ರಾವಂದೂರಲ್ಲಿ ಇನ್ಯಾರ ಅಂಗಡೀಲೈತೆ ಹೇಳು ಇಂಥದ್ದು! ಫೋನು ಯಾರಿಗೆ ಬರಲ್ಲ? ಕುರಿ ಕಾಯೋ ಕರಿಯಯ್ಯನೂ ಬೆರಳಲ್ಲಿ ತಳ್ಕೊಂಡು ಕೂತಿರ್ತಾನೆ.

ಅಲ್ಲಲ್ಲ, ಗಾಜು ತಿವೀಬೇಡ. ಹಳೇ ಮಾನಿಟರ್ರು, ಅದಕ್ಕೆ ಬೆರಳು ಗೊತ್ತಾಗಲ್ಲ. ಮೌಸನ್ನೇ ಬೆರಳು ಅನ್ಕೊ. ಒತ್ತಿ ಹಿಡ್ಕೊ, ಎಳಿ... ಎಳೀತಾನೇ ಇರು... ವಾಪಸ್ ಓಯ್ತಾ? ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ! ಬುಡು, ಇನ್ನೊಂದ್ಸಲ ಎಳಿ.

ಎರಡೆರಡು ಆ್ಯಪ್ ಒಟ್ಟಿಗೆ ತೆಗೆಯೋದ್ಯಾಕೆ? ಒಂದು ಬಾಯಿ, ಒಂದು ತುತ್ತು. ಪ್ರಿಂಟರ್ರಾ... ಅದಿನ್ನೂ ಇದರ ಗುರುತು ಹಿಡೀತಿಲ್ಲ. ಹೊಸ ಸೊಸೆ ಬಂದ್ರೆ ಅತ್ತೆ ಮಾತಾಡ್ಸಕ್ಕೆ ನಾಕು ದಿನ ಬೇಡ್ವಾ?

ಏನು ಹುಡುಕ್ತಿದೀಯಾ? ಓ, ಪುಟ್ಟಮಲ್ಲಪ್ಪನೋರ ಮಗಳ ಲಗ್ನಪತ್ರಿಕೆ. ಸಂಜೆ ಬತ್ತಾರೆ ಅಂತ ಗೊತ್ತು ಕಣೆ. ಮಠದ ಸ್ವಾಮಿಗಳು ಎಲ್ಲಕ್ಕಿಂತ ಮೇಲೆ, ದೊಡ್ಡಪ್ಪ ಎಡಕ್ಕೆ, ಸೋದರಮಾವ ಬಲಕ್ಕೆ... ಯಾರ ಹೆಸರು ಮೇಲೆ ಯಾರದು ಕೆಳಗೆ ಅಂತ ಅವರೆಲ್ಲ ಇಲ್ಲೇ ಕಿತ್ತಾಡ್ದಾಗ ನೀನೇ ಒಬ್ಬೊಬ್ಬರನ್ನೂ ಒಪ್ಸಿ ಕೂರ್ಸಿದ್ದು, ನಂಗೊತ್ತಿಲ್ವಾ? ಐತೆ. ಎಲ್ಲೋ ಐತೆ. ಫೋನಲ್ಲಿ ಫೋಟೋ ಹುಡುಕಲ್ವಾ, ಅಂಗೇ ಕೆಳಗೆ ತಳ್ಕೊಂಡು ಹೋಗು...

ಸಾಕು ಬುಡೆ. ಎಷ್ಟು ತಳ್ಳಿದ್ರೂ ಬರಲ್ಲ. ಹೊಸ ಸಿಸ್ಟಮ್ ಹಾಕೋವಾಗ ಹಳೇದೆಲ್ಲ ಅಳಿಸ್ಲಾ ಅಂತ ಕಂಪ್ಯೂಟರ್ ಕೇಳ್ತು. ಹೂಂ ಅಂತ ಒತ್ಬುಟ್ಟೆ.

ಬೈಯಿ. ಯಾಕಿಂಗೆ ಮಾಡ್ದೆ ಅಂತಾನಾದ್ರೂ ಕೇಳೇ... ಸರಿ, ನಾನೇ ಹೇಳ್ತೀನಿ.

ನೀನಿಲ್ದಾಗ ಅಂಗಡಿಗೆ ಬಂದೋರೆಲ್ಲ ನನ್ ಮುಖ ನೋಡಿ, "ಅಕ್ಕೋರಿಲ್ವಾ? ಆಮೇಲೆ ಬತ್ತೀವಿ ಬುಡಿ" ಅಂತ ಹೋಗೋರು. ಬೋರ್ಡಲ್ಲಿ ಮಾತ್ರ ವಿರೂಪಾಕ್ಷ ಕಂಪ್ಯೂಟರ್ಸ್! ಆ ವಿರೂಪಾಕ್ಷಂಗೆ ಬರೋದು ಫೋನೊಂದೇ. ನೀನು ಕಲ್ಸ್ತೀನಿ ಬನ್ನಿ ಅಂದಾಗೆಲ್ಲ ಕೆಲ್ಸ ಐತೆ ಅಂತ ಎದ್ದು ಹೋಗ್ತಿದ್ದೆ. ಕೆಲಸ ಎಲ್ಲಿತ್ತು? ಕಟ್ಕೊಂಡೋಳ ಹತ್ರ ಕಲಿಯಕ್ಕೆ ನಾಚ್ಕೆ ಕಣೆ...

ಶಾಂಭವೀ... ಸಂಜೆ ಪುಟ್ಟಮಲ್ಲಪ್ಪನೋರ ಮುಂದೆ ಏನು ಹೇಳ್ಬೇಕು ಅನ್ನೋದನ್ನಾದ್ರೂ ಹೇಳ್ಕೊಡು.