ಗೌರಾಬಾಯಿ ತುಪ್ಪ

ನಗಬ್ಯಾಡ ಸುಂದರಾ. ಅತ್ತಿ ಕೇಳಿದ್ರ ಸೊಸಿ ನಗ್ತಾಳೇನು?... ನಕ್ಕಿಲ್ಲಾ? ಹಂಗಾದ್ರ ತುಟಿ ಯಾಕ ಅಳ್ಳಾಡ್ತು? ಕುಂದ್ರಿಲ್ಲಿ. ಒಲಿ ಕಡಿ ನೋಡಬ್ಯಾಡ, ನನ್ನ ಕಡಿ ನೋಡು. ನಿನ್ನ ಗಂಡ ಸೈದಪ್ಪ ಹೊಲದಿಂದ ಬರೂದ್ರಾಗ ನನಗ ಒಂದು ಮಾತು ಗೊತ್ತಾಗಬೇಕು. ನನ್ನ ಮಗಗ ಕದ್ದು ಸಿಹಿ ಯಾರು ತಿನ್ನಸಾಕತ್ತಾರ?

ಮೂವತ್ತಾರು ವರ್ಷಕ್ಕ ಸಕ್ರಿ ರೋಗ ಅಂದ್ರ... ಅವರಪ್ಪಗಿಲ್ಲ, ಅಜ್ಜಗಿಲ್ಲ. ಅವ ಉಚ್ಚಿ ಹೊಯ್ದಲ್ಲಿ ಇರುವಿ ಸಾಲು ಹಚ್ಚಿದ್ದು ನಾನೇ ನೋಡೇನಿ. ಹಿಮ್ಮಡ ಗಾಯ ಎರಡು ತಿಂಗಳಾದ್ರೂ ಮಾಯವಲ್ದು. ಹಿಂಗ ಬಿಟ್ರ ಕಾಲು ತೆಗೀಬೇಕಾಗ್ತದ ಅಂತ ಗುಲಬರ್ಗಾ ಡಾಕ್ಟರ್ ಅಂದ್ರು. ತಿರುಗಿ ಬರೂವಾಗ ನೀ ಬಸ್ಸಿನ್ಯಾಗ ಸೆರಗು ಮುಚ್ಚಿಕೊಂಡು ಅತ್ತಿದ್ದು ನೋಡೇನಿ. ಅತ್ತಾಕಿನ ಮ್ಯಾಲೂ ಸಂಶೆ ಬರ್ತದ, ಏನ ಮಾಡಲಿ.

ಬೆಲ್ಲದ ಡಬ್ಬಿಗಿ ಕರೀ ದಾರ ಕಟ್ಟಿಟ್ಟಿದ್ದೆ, ಗೊತ್ತೇನು? ದಿನಾ ಮುಂಜಾನಿ ಗಂಟು ನೋಡ್ತಿದ್ದೆ... ಇಲ್ಲ, ಬಿಚ್ಚಿಲ್ಲ. ಇದ್ದಂಗ ಅದ. ಅಂದ್ರ ಬ್ಯಾರೆ ಕಡಿ ಮುಚ್ಚಿಟ್ಟಿ ಅಂತ ಆತು. ಹೋದ ವಾರ ನಿನ್ನ ತವರೂರು ಖಜೂರಿಯಿಂದ ನಿಮ್ಮಣ್ಣ ಬಂದಾಗ ಚೀಲದಾಗ ಏನಿತ್ತು? ಹಾಂ, ಕುಸುಬಿ ಎಣ್ಣಿ, ಗಾಣದ್ದು. ನಾನೂ ಮೂಸಿ ನೋಡೇನಿ, ಎಣ್ಣೀನೇ. ಅವನ ರೊಟ್ಟಿಗಿ ಹಚ್ತೀನಿ ಅಂದಿ, ದೀಪಕ್ಕಿಡು ಅಂದೆ, ತಪ್ಪೇನು? ನನ್ನ ಮಗ ಸಣ್ಣಾಂವಿದ್ದಾಗಿಂದ ಬಿಸಿ ರೊಟ್ಟಿಗಿ ತುಪ್ಪ ಹಚ್ಚಿಕೊಂಡು ಉಂಡಾಂವ. ಗೌರಾಬಾಯಿ ತುಪ್ಪ ಅಂದ್ರ ನಮ್ಮ ನೆಲೋಗಿ ಊರಾಗ ಲಗ್ನದ ಮನಿಯವರು ಬಾಗಲಿಗಿ ಬರ್ತಿದ್ರು.

ಗ್ವಾಡಿಗಿ ಸಿಗಿಸಿದ ಡಾಕ್ಟರ್ ಚೀಟಿ ಕಡಿ ಯಾಕ ನೋಡ್ತಿ? ಅವರ ಮಾತು ನನಗೂ ನೆನಪದ. ಬರೇ ಸಕ್ರಿ ಅಲ್ಲವ್ವ, ಎಂಥಾ ಎಣ್ಣಿ, ಎಂಥಾ ತುಪ್ಪ ತಿಂತೀರಿ ಅನ್ನೂದೂ ನೋಡಬೇಕು, ಡಬ್ಬಿ ವನಸ್ಪತಿ ತಿಂತಿದ್ರ ಬಿಡಸ್ರಿ, ಅದರಿಂದನೇ ಬಂತು ಅನ್ನಾಕ ಬರೂದಿಲ್ಲ, ಆದ್ರ ಅದು ಒಳ್ಳೇದಲ್ಲ ಅಂದ್ರು. ನಮ್ಮನ್ಯಾಗ ಎಮ್ಮಿ ತುಪ್ಪ ಬಿಟ್ಟು ಬ್ಯಾರೆ ಇಲ್ರಿ ಅಂದೆ ನಾ. ನೀ ಆಗ ನೆಲಾ ನೋಡಿದಿ. ಯಾಕ ನೋಡಿದಿ? ಆವಾಗಿಂದ ನಿನ್ನ ಮ್ಯಾಲ ಕಣ್ಣಿಟ್ಟೇನಿ.

ಎಲ್ಲಿಗೆದ್ದಿ? ಕುಂದ್ರಂದ್ರ... ಆ ತುಪ್ಪದ ಗಡಿಗಿ ಯಾಕ ಇಳಸ್ತಿ? ನೆಲುವಿನ್ಯಾಗ ತೂಗಬಿಟ್ಟ ಗಡಿಗಿ ನಾ ಬಿಟ್ಟು ಯಾರೂ ಮುಟ್ಟಬಾರದು ಅಂತ ಹೇಳೇನೋ ಇಲ್ಲೋ? ಬೇಕಾದ್ರ ಮೂಸಿ ನೋಡು. ವೀಳ್ಯದೆಲಿ ಹಾಕಿ ಕಾಸೇನಿ, ಘಮ್ ಅಂತದ... ಬೋರಲು ಹಾಕಬ್ಯಾಡ, ಚೆಲ್ತದ. ಸುಂದರಾ, ಚೆಲ್ತದ ಅಂದೆ!

ಚೆಲ್ಲಲಿಲ್ಲ.

ಈ ಮೇ ತಿಂಗಳ ಬಿಸಲಿನ್ಯಾಗ ಖರೇ ತುಪ್ಪಿದ್ರ ನೀರಾಗಿ ಹರೀತಿತ್ತು... ನಿನಗ ಯಾವಾಗಿಂದ ಗೊತ್ತು? ತಲಿ ಅಲ್ಲಾಡಸು, ಸಾಕು. ಹೋದ ಬ್ಯಾಸಗೀಗೇನು?... ಒಂದು ವರ್ಷ. ಒಂದು ವರ್ಷ ನನ್ನ ಮಾನ ಕಾದು ಕುಂತಿಯೇನು ನೀ?

ಎಮ್ಮಿ ಹಾಲು ಬತ್ತಿ ಮೂರು ವರ್ಷಾತವ್ವಾ. ಅವ್ವಾ, ನಿನ್ನ ಕೈ ತುಪ್ಪ ಹಾಕು ಅಂತ ಅವ ತಾಟು ಮುಂದ ಮಾಡಿದಾಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಮೌಲಾಲಿ ಅಂಗಡ್ಯಾಗಿನ ವನಸ್ಪತಿ ಡಬ್ಬಿ ಸೆರಗಿನ್ಯಾಗ ಮುಚ್ಚಿ ತಂದೆ, ಬೆಣ್ಣಿ ಕೊಂಡು ತಂದೇನಿ ಅಂತ ನಿಮಗ ಸುಳ್ಳು ಹೇಳಿ ಎಲಿ ಹಾಕಿ ಕಾಸಿದೆ. ಅವ ಗುರ್ತು ಹಿಡೀಲಿಲ್ಲ. ಇನ್ನಷ್ಟು ಹಾಕು ಅಂದ. ಹಾಕಿದೆ... ದಿನಾ ಹಾಕಿದೆ.

ಬೈ ನನಗ. ಒಂದು ಮಾತರ ಬೈ.

ಅಂಗಳದಾಗ ಸಪ್ಪಳ ಆತು. ಕಾಲು ಎಳಕೊಂಡು ಬರಾಕತ್ತಾನ. ಈಗ ತುಪ್ಪ ಕೇಳ್ತಾನ. ಸುಂದರಾ, ದೀಪಕ್ಕಿಟ್ಟ ಆ ಕುಸುಬಿ ಎಣ್ಣಿ ಇನ್ನಾ ಉಳದದೇನು?... ನೀನೇ ರೊಟ್ಟಿಗಿ ಒಂದೀಟು ಹಚ್ಚಿ ಕೊಡು. ನನ್ನ ಕೈ ಬ್ಯಾಡ.